ಕೌದಿಯ ಸೂಜಿ, ಇನ್ಸುಲಿನ್ ಸೂಜಿ

ಕಳೆದ ವರ್ಷ ಶ್ರಾವಣದ ಒಂದು ಬೆಳಗ್ಗೆ ನಮ್ಮ ಓಣಿಗೆ ಬಂದ ಕಸದ ಗಾಡಿ ತುಂಬಾ ಹೊತ್ತು ನಿಂತಿತು. ಗಾಡಿಯ ಹಾಡು ಮುಗಿಯಿತು, ಮತ್ತೆ ಮೊದಲಿನಿಂದ ಶುರುವಾಯಿತು. ಗಾಡಿ ಮಾತ್ರ ಮುಂದೆ ಹೋಗಲಿಲ್ಲ. ಏನಾಯಿತೋ ಅಂತ ಒಲೆ ಆರಿಸಿ ಗೇಟಿಗೆ ಬಂದೆ. ಗಾಡಿಯ ಹಿಂದೆ ನಿಂತು ಹಸಿ ಕಸ, ಒಣ ಕಸ ಬೇರೆ ಮಾಡುವ ಅಕ್ಕ ಬಲಗೈ ಹೆಬ್ಬೆರಳನ್ನು ಎಡಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿದಿದ್ದರು. ಕೈಗವಸು ಕಳಚಿ ಗಾಡಿಯ ಅಂಚಿನ ಮೇಲೆ ಇಟ್ಟಿದ್ದರು. ಡ್ರೈವರ್ ಹುಡುಗ ಏನು ಮಾಡಬೇಕು ಅಂತ ತಿಳಿಯದೆ ಸುಮ್ನೆ ನಿಂತಿದ್ದ.

"ಏನಾತ್ರಿ ಅಕ್ಕಾರ?" ಅಂದೆ.

"ಏನಿಲ್ರಿ, ಸೂಜಿ ಚುಚ್ಚೇತಿ. ಚೀಲದಾಗ ಇತ್ತು," ಅಂದರು. ಮುಳ್ಳು ಚುಚ್ಚಿತು ಅಂದಷ್ಟೇ ಸಲೀಸಾಗಿ. ಹೇಳಿ ಹೆಬ್ಬೆರಳನ್ನು ಬಾಯಿಗೆ ಇಡಲು ಹೋದರು. ನಾನು ಓಡಿಹೋಗಿ ಕೈ ಹಿಡಿದೆ. ಅಂಗಳದ ನಲ್ಲಿಗೆ ಕರೆತಂದು ಸೋಪು ಹಚ್ಚಿ ತೊಳೆಸಿದೆ. ರಕ್ತ ಹಿಂಡಿ ತೆಗೆದರೆ ವಿಷ ಹೋಗುತ್ತದೆ ಅಂತ ಅವರು ಬೆರಳನ್ನು ಹಿಂಡುತ್ತಲೇ ಇದ್ದರು. ಹಾಗೆ ಹಿಂಡಬಾರದು, ಬಾಯಲ್ಲಿ ಚೀಪಬಾರದು, ಸುಮ್ನೆ ಹರಿಯುವ ನೀರಲ್ಲಿ ಸೋಪಿನಿಂದ ತೊಳೆಯಬೇಕು ಅನ್ನುವುದಷ್ಟು ನನಗೆ ಗೊತ್ತಿತ್ತು. ಎಂಥ ಸೂಜಿ, ಎಲ್ಲಿದೆ ಅಂತ ಕೇಳಿದೆ. ಡ್ರೈವರ್ ಹುಡುಗ ಗಾಡಿಯೊಳಗೆ ಬೆರಳು ತೋರಿಸಿದ. ಗಾಬರಿಯಲ್ಲಿ ಒಳಗೆ ಎಸೆದುಬಿಟ್ಟಿದ್ದರು. ಇಡೀ ಓಣಿಯ ಕಸ ಅದರ ಮೇಲೆ ಬಿದ್ದಿತ್ತು.

ಆ ಚೀಲ ನಮ್ಮದಾಗಿತ್ತೋ ಅಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನಮ್ಮ ಮನೆಯ ಕಸವನ್ನು ಅವರು ಆಗಷ್ಟೇ ಸುರಿದುಕೊಂಡಿದ್ದರು. ಅದಕ್ಕೂ ಮುಂಚೆ ಪಕ್ಕದ ಮೂರು ಮನೆಯದು ಬಿದ್ದಿತ್ತು. ಆ ಮೂರರಲ್ಲಿ ಎರಡು ಮನೆಗಳಲ್ಲಿ ಸಕ್ಕರೆ ಕಾಯಿಲೆಯವರಿದ್ದಾರೆ. ನಮ್ಮ ಮನೆಯಲ್ಲಿ ಅವ್ವ ಇದ್ದಾಳೆ. ನಮ್ಮದೇ ಸೂಜಿ ಅಂತ ಹೇಳಲಾರೆ. ನಮ್ಮದಲ್ಲ ಅಂತಂತೂ ಹೇಳಲಾರೆ.

ಲೆಕ್ಕ ಹಾಕಿದಾಗ

ಅವ್ವನಿಗೆ ಇನ್ಸುಲಿನ್ ಶುರುವಾಗಿ 11 ವರ್ಷ. ದಿನಕ್ಕೆ ಎರಡು ಹೊತ್ತು. ತುದಿಗೆ ಕೆಂಪು ಟೋಪಿ ಇರುವ ಸಣ್ಣ ಸಿರಿಂಜು, ಒಂದು ಮಿಲಿಗೆ 40 ಯೂನಿಟ್ ಇರುವ ಬಾಟಲಿಯ ಇನ್ಸುಲಿನ್‌ಗೆ ಬಳಸುವಂಥದ್ದು. ಒಂದು ಸಿರಿಂಜು ಒಂದೇ ಸಲ ಅಂತ ಪೊಟ್ಟಣದ ಮೇಲೆ ಬರೆದಿರುತ್ತದೆ. ಆದರೆ ಹಾಗೆ ಮಾಡುವ ಮನೆಗಳು ಎಷ್ಟಿವೆ ಹೇಳಿ. ಅವ್ವನ ಪದ್ಧತಿ ಅಂದರೆ ಚುಚ್ಚಿದಾಗ ನೋವಾಗಲು ಶುರುವಾದರೆ ಹೊಸದು. ಅಂದಾಜು ಎರಡು ದಿನಕ್ಕೆ ಒಂದು. ಮತ್ತೆ ಮತ್ತೆ ಬಳಸಿದ ಸೂಜಿ ಮೊಂಡಾಗುತ್ತದೆ, ಚುಚ್ಚಿದ ಜಾಗದಲ್ಲಿ ಗಂಟು ಕಟ್ಟುತ್ತದೆ, ಆ ಗಂಟಿನಲ್ಲಿ ಚುಚ್ಚಿದರೆ ಇನ್ಸುಲಿನ್ ಸರಿಯಾಗಿ ಮೈಗೆ ಹತ್ತುವುದಿಲ್ಲ. ಇದು ಬೇರೆಯದೇ ಸಂಗತಿ, ಅವಳ ಜೊತೆ ಅದಕ್ಕೂ ಜಗಳವಾಡಿದ್ದೇನೆ. ಇಲ್ಲಿ ಹೇಳಬೇಕಿರುವುದು ಲೆಕ್ಕ.

ಎರಡು ದಿನಕ್ಕೆ ಒಂದು ಅಂದರೆ ವರ್ಷಕ್ಕೆ 180ಕ್ಕೂ ಜಾಸ್ತಿ. 11 ವರ್ಷಕ್ಕೆ ಎರಡು ಸಾವಿರ. ಸಕ್ಕರೆ ನೋಡಿಕೊಳ್ಳಲು ಬೆರಳಿಗೆ ಚುಚ್ಚುವ ಸಣ್ಣ ಸೂಜಿಗಳನ್ನು ಇದರಲ್ಲಿ ಸೇರಿಸಿಲ್ಲ. ಆ ರಾತ್ರಿ ಹಾಸಿಗೆಯಲ್ಲಿ ಮಲಗಿ ಈ ಲೆಕ್ಕ ಮಾಡಿದೆ. ಎರಡು ಸಾವಿರ ಸೂಜಿ ನಮ್ಮ ಮನೆಯಿಂದ ಹೊರಗೆ ಹೋಗಿವೆ. ಎಲ್ಲಿಗೆ ಹೋದವು? ಯಾವ ಕೈ ದಾಟಿ ಹೋದವು? 11 ವರ್ಷದಲ್ಲಿ ಒಂದು ದಿನವೂ ಈ ಪ್ರಶ್ನೆ ನನಗೆ ಬಂದಿರಲಿಲ್ಲ. ಸೂಜಿಗೆ ಟೋಪಿ ಹಾಕಿ, ಹಾಲಿನ ಖಾಲಿ ಪಾಕೀಟಿನಲ್ಲಿ ಸುತ್ತಿ, ಒಣ ಕಸದ ಬುಟ್ಟಿಗೆ ಹಾಕುತ್ತಿದ್ದೆವು. ಅದನ್ನೇ ದೊಡ್ಡ ಜಾಗ್ರತೆ ಅಂದುಕೊಂಡಿದ್ದೆವು. ಆ ಟೋಪಿ ಎಷ್ಟು ಸಡಿಲ ಅಂತ ಬೇಕಾದರೆ ನೋಡಿ. ಬುಟ್ಟಿ ಮಗುಚಿದರೆ ಸಾಕು, ಕಳಚಿಕೊಳ್ಳುತ್ತದೆ. ಹಾಲಿನ ಪಾಕೀಟು ಸೂಜಿಯನ್ನು ತಡೆಯುವುದಿಲ್ಲ, ಮುಚ್ಚಿ ಮರೆಮಾಡುತ್ತದೆ ಅಷ್ಟೇ. ಕಾಣುವ ಸೂಜಿಯಿಂದ ಮನುಷ್ಯ ಕೈ ಹಿಂದೆ ತೆಗೆದುಕೊಳ್ಳುತ್ತಾನೆ. ನಾವು ಅದನ್ನು ಕಾಣದಂತೆ ಮಾಡಿ ಕೊಡುತ್ತಿದ್ದೆವು.

ದೀಪ ಹಿಡಿದು ಹುಡುಕಿದ್ದು

ನಮ್ಮ ಕಡೆ ಇಂಜೆಕ್ಷನ್‌ಗೂ ಸೂಜಿ ಅಂತಲೇ ಹೆಸರು. ದವಾಖಾನೆಗೆ ಹೋಗಿ ಸೂಜಿ ಮಾಡಿಸಿಕೊಂಡು ಬಂದೆ ಅನ್ನುತ್ತೇವೆ. ಅದಕ್ಕೇ ಇರಬೇಕು, ಆ ರಾತ್ರಿ ನನಗೆ ಬೇರೊಂದು ಸೂಜಿಯ ನೆನಪು ಬಂತು.

ಆಗ ನಾವು ಹಳೇ ಬಾಗಲಕೋಟೆಯಲ್ಲಿದ್ದೆವು. ಆ ಮನೆ ಈಗಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಹೋದ ಓಣಿಗಳಲ್ಲಿ ನಮ್ಮದೂ ಒಂದು. ಅವ್ವ ಮಳೆಗಾಲದ ಮಧ್ಯಾಹ್ನಗಳಲ್ಲಿ ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆ, ಹಳೆಯ ಧೋತರ, ನನ್ನ ಹರಿದ ಲಂಗ ಎಲ್ಲ ಅದರೊಳಗೆ ಸೇರುತ್ತಿತ್ತು. ಒಂದು ಸಂಜೆ ಕೌದಿ ಸುತ್ತಿ ಇಡುವಾಗ ಒಂದು ಸೂಜಿ ಕಡಿಮೆ ಬಂತು. ಅವ್ವ ಕೂತವಳು ಹಾಗೇ ಎದ್ದು ನಿಂತಳು. "ಯಾರೂ ಹೆಜ್ಜಿ ಎತ್ತಬ್ಯಾಡ್ರಿ!" ಅಂದಳು. ನಾನು ಬಾಗಿಲ ಹತ್ತಿರ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತುಬಿಟ್ಟೆ. ತಮ್ಮ ಆಗಿನ್ನೂ ಅಂಬೆಗಾಲಿಡುತ್ತಿದ್ದ. ಅವನನ್ನು ಅಜ್ಜಿ ಎತ್ತಿಕೊಂಡು ಕಟ್ಟೆಯ ಮೇಲೆ ಕೂತಳು. ಕರೆಂಟು ಬೇರೆ ಇರಲಿಲ್ಲ. ಅವ್ವ ಕಂದೀಲು ಹಿಡಿದು, ನೆಲಕ್ಕೆ ಕೆನ್ನೆ ಹಚ್ಚುವಷ್ಟು ಬಗ್ಗಿ ಇಡೀ ಪಡಸಾಲೆ ಹುಡುಕಿದಳು. ದೀಪ ನೆಲದ ಮಟ್ಟಕ್ಕೆ ಹಿಡಿದರೆ ಸೂಜಿ ಮಿಂಚುತ್ತದೆ ಅಂತ ನನಗೆ ತಿಳಿದದ್ದು ಅವತ್ತು. ಅಪ್ಪ ಹೊಲದಿಂದ ಬಂದವನು ಹೊಸ್ತಿಲ ಹೊರಗೇ ಕೂತ. ಅಡುಗೆ ತಡವಾಯಿತು, ಯಾರೂ ಏನೂ ಅನ್ನಲಿಲ್ಲ. ಕೊನೆಗೆ ಸೂಜಿ ಸಿಕ್ಕಿದ್ದು ಕೌದಿಯ ಮಡಿಕೆಯಲ್ಲೇ. ಅವ್ವ ಅದನ್ನು ದಾರದ ಉಂಡೆಗೆ ಚುಚ್ಚಿ, ಉಂಡೆಯನ್ನು ಡಬ್ಬಿಗೆ ಹಾಕಿ, ಡಬ್ಬಿಯನ್ನು ಮಾಡದಲ್ಲಿಟ್ಟ ಮೇಲೇ ಒಲೆ ಹಚ್ಚಿದಳು.

ಒಂದು ಸೂಜಿಗೆ ಅಷ್ಟು. ಸೂಜಿಯನ್ನು ಕೈಯಿಂದ ಕೈಗೆ ಕೊಡಬಾರದು, ನೆಲದ ಮೇಲಿಟ್ಟು ತಗೋ ಅನ್ನಬೇಕು. ಹೊತ್ತು ಮುಳುಗಿದ ಮೇಲೆ ಅಂಗಡಿಯವರು ಸೂಜಿ ಮಾರುತ್ತಿರಲಿಲ್ಲ. ಇವನ್ನೆಲ್ಲ ಮೂಢನಂಬಿಕೆ ಅಂತ ನಾನೇ ಎಷ್ಟೋ ಸಲ ವಾದ ಮಾಡಿದ್ದೇನೆ. ಈಗ ಯೋಚಿಸಿದರೆ ಕತ್ತಲಲ್ಲಿ ಸೂಜಿ ಕೈ ಬದಲಾಯಿಸಬಾರದು ಅನ್ನುವುದರಲ್ಲಿ ಎಷ್ಟು ಎಚ್ಚರ ಇದೆ ಅಲ್ವಾ? ಕೊಡುವವಳ ಕೈಯಲ್ಲೂ ಸೂಜಿ ಕಾಣಬೇಕು, ತೆಗೆದುಕೊಳ್ಳುವವಳ ಕಣ್ಣಿಗೂ ಕಾಣಬೇಕು.

ಅಂಥ ಅವ್ವ ಇನ್ಸುಲಿನ್ ಸೂಜಿಯನ್ನು ಹಾಲಿನ ಪಾಕೀಟಿನಲ್ಲಿ ಸುತ್ತಿ ಎಸೆಯುವುದು ಹೇಗೆ ಸಾಧ್ಯವಾಯಿತು? ಇದು ನನ್ನನ್ನು ಬಹಳ ದಿನ ಕಾಡಿತು. ನನಗನ್ನಿಸುವುದು ಇಷ್ಟು. ಕೌದಿಯ ಸೂಜಿ ಕಳೆದರೆ ಚುಚ್ಚುವುದು ನಮ್ಮ ಮನೆಯ ಕಾಲಿಗೆ. ಇನ್ಸುಲಿನ್ ಸೂಜಿ ಗೇಟು ದಾಟಿದರೆ ಚುಚ್ಚುವುದು ಯಾರದೋ ಕೈಗೆ. ಇನ್ನೊಂದು ಮಾತೂ ಇದೆ. ಅವ್ವ ಬೆಳೆದದ್ದು ತಿಪ್ಪೆಯ ಕಾಲದಲ್ಲಿ. ಹಿತ್ತಲಿನ ತಿಪ್ಪೆಗೆ ಹಾಕಿದ್ದು ಬೂದಿಯಾಗಲಿ, ಸಗಣಿಯಾಗಲಿ, ಸಿಪ್ಪೆಯಾಗಲಿ, ಮಳೆ ಬರುವ ಮುಂಚೆ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತಿತ್ತು. ಎಸೆದದ್ದು ಕರಗುತ್ತದೆ ಅನ್ನುವುದು ಅವಳ ಅನುಭವ. ಕರಗದ ವಸ್ತುಗಳನ್ನು, ಉಕ್ಕಿನ ಸೂಜಿಯನ್ನು ಸೇರಿಸಿ, ಅವಳು ಎಸೆಯುತ್ತಲೇ ಇರಲಿಲ್ಲ. ಆಗಿನ ದವಾಖಾನೆಯ ಸೂಜಿಯೂ ಹಾಗೆಯೇ. ಕಂಪೌಂಡರ್ ಸ್ಟೀಲಿನ ಪೆಟ್ಟಿಗೆಯಲ್ಲಿ ಗಾಜಿನ ಸಿರಿಂಜು, ಸೂಜಿ ಹಾಕಿ ಸ್ಟೋವಿನ ಮೇಲೆ ಕುದಿಸುತ್ತಿದ್ದ. ಚಿಮುಟದಿಂದ ಎತ್ತಿ ಆರಿಸುವಾಗ ನಾವು ಅಳಲು ಶುರು ಮಾಡುತ್ತಿದ್ದೆವು. ಅದೇ ಸೂಜಿ ಓಣಿಗೆಲ್ಲ. ಅದು ಒಳ್ಳೆಯ ಕಾಲ ಅಂತ ಹೇಳುತ್ತಿಲ್ಲ. ಸರಿಯಾಗಿ ಕುದಿಯದ ಸೂಜಿಗಳು ಎಷ್ಟು ಜನಕ್ಕೆ ಕಾಮಾಲೆ ಹಂಚಿವೆಯೋ ಯಾರಿಗೆ ಗೊತ್ತು. ಅದಕ್ಕೇ ಒಮ್ಮೆ ಬಳಸಿ ಎಸೆಯುವ ಸೂಜಿ ಬಂತು, ಬರಬೇಕಿತ್ತು. ಆದರೆ ಬಳಸುವುದನ್ನು ನಮಗೆ ಕಲಿಸಿದರು. ಎಸೆಯುವುದನ್ನು ಯಾರೂ ಕಲಿಸಲಿಲ್ಲ. ಅವ್ವನಿಗೆ ಮೊದಲ ದಿನ ನರ್ಸ್ ಎಲ್ಲ ತೋರಿಸಿಕೊಟ್ಟರು. ಬಾಟಲಿ ಹೇಗೆ ಉರುಳಿಸಬೇಕು, ಗುಳ್ಳೆ ಹೇಗೆ ತೆಗೆಯಬೇಕು, ಹೊಟ್ಟೆಯ ಮೇಲೆ ಎಲ್ಲೆಲ್ಲಿ ಜಾಗ ಬದಲಾಯಿಸಬೇಕು. ಚುಚ್ಚಿ ಆದ ಮೇಲೆ ಸೂಜಿ ಏನು ಮಾಡಬೇಕು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಯಾರ ಮನೆಯ ಸೂಜಿ?

ಅಕ್ಕ ದವಾಖಾನೆಗೆ ಬರಲು ಒಪ್ಪಲಿಲ್ಲ. "ಟೀಟಿ ಮಾಡಿಸ್ಕೋತೀನಿ ಬಿಡ್ರಿ, ಸಾಕು" ಅಂದರು. ಇನ್ನೂ ಎರಡು ಓಣಿ ಬಾಕಿ ಇತ್ತು. ಧನುರ್ವಾಯು ಒಂದಕ್ಕೇ ಹೆದರಿಕೆ ಇದ್ದಿದ್ದರೆ ನಾನೂ ಬಿಡುತ್ತಿದ್ದೆ. ಸುಮಾರು ಹೊತ್ತು ಕಾಡಿಸಿ, ಡ್ರೈವರ್ ಹುಡುಗನಿಂದಲೂ ಹೇಳಿಸಿ ಕರೆದುಕೊಂಡು ಹೋದೆ.

ಡಾಕ್ಟರು ಕೇಳಿದ ಮೊದಲ ಪ್ರಶ್ನೆ: "ಯಾರಿಗೆ ಬಳಸಿದ ಸೂಜಿ ಅದು?" ಇಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ಆಸ್ಪತ್ರೆಯ ಒಳಗೆ ನರ್ಸ್‌ಗೆ ಸೂಜಿ ಚುಚ್ಚಿದರೆ ಯಾವ ರೋಗಿಯದು ಅಂತ ಸಾಮಾನ್ಯವಾಗಿ ಗೊತ್ತಿರುತ್ತದೆ. ಆ ರೋಗಿಯ ರಕ್ತ ಪರೀಕ್ಷೆ ಮಾಡಿ ನೋಡಬಹುದು. ಕಸದ ಗಾಡಿಯಲ್ಲಿ ಚುಚ್ಚಿದ ಸೂಜಿಗೆ ಹೆಸರಿಲ್ಲ, ಊರಿಲ್ಲ. ಡಾಕ್ಟರು ಸಮಾಧಾನದಿಂದ ಕೂರಿಸಿ ಹೇಳಿದರು. ಮುಖ್ಯವಾಗಿ ಮೂರು ರೋಗಗಳ ಹೆದರಿಕೆ: ಕಾಮಾಲೆ ತರುವ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಮತ್ತೆ ಎಚ್‌ಐವಿ. ನಮಗೆ ಎಚ್‌ಐವಿ ಹೆದರಿಕೆಯೇ ದೊಡ್ಡದು. ಆದರೆ ಸೋಂಕಿರುವ ರಕ್ತದ ಸೂಜಿ ಚುಚ್ಚಿದ 1000 ಜನರಲ್ಲಿ ಎಚ್‌ಐವಿ ಹತ್ತುವುದು ಸುಮಾರು 3 ಜನಕ್ಕೆ. ಹೆಪಟೈಟಿಸ್ ಬಿ ಹಾಗಲ್ಲ. ಲಸಿಕೆ ಹಾಕಿಸಿಕೊಳ್ಳದವರಿಗೆ ಅಂಥ ಸೂಜಿ ಚುಚ್ಚಿದರೆ 100ರಲ್ಲಿ 30 ಜನದವರೆಗೂ ಹತ್ತಬಹುದು. ಆ ವೈರಸ್ ಮೈಯಿಂದ ಹೊರಗೆ, ಒಣಗಿದ ರಕ್ತದಲ್ಲೂ 7 ದಿನ ಬದುಕಿರುತ್ತದೆ. ನಮ್ಮ ಕಸದ ಬುಟ್ಟಿಯಲ್ಲಿ ನಾಲ್ಕು ದಿನ ಬಿದ್ದಿದ್ದ ಸೂಜಿಯೂ ಅದರ ಲೆಕ್ಕದಲ್ಲಿ ಹೊಸದೇ. ಇನ್ಸುಲಿನ್ ಸೂಜಿ ಸಣ್ಣದು, ರಕ್ತನಾಳಕ್ಕೆ ಹೋಗುವುದಿಲ್ಲ, ಅದರಿಂದ ಅಪಾಯ ಕಡಿಮೆ ಅಂತಲೂ ಹೇಳಿದರು. ಆದರೆ ಚುಚ್ಚಿದ್ದು ಇನ್ಸುಲಿನ್ ಸೂಜಿಯೇ ಅಂತ ಯಾರು ಹೇಳಬೇಕು?

ಹೆಪಟೈಟಿಸ್ ಬಿ ಲಸಿಕೆ ಹಾಕಿಸಿದ್ದೀರಾ ಅಂತ ಕೇಳಿದಾಗ ಅಕ್ಕ ನನ್ನ ಮುಖ ನೋಡಿದರು. ಇಷ್ಟು ವರ್ಷ ಕಸದಲ್ಲಿ ಕೈ ಇಟ್ಟು ದುಡಿದವರಿಗೆ ಆ ಲಸಿಕೆಯ ಹೆಸರೇ ಹೊಸದು. ಅವತ್ತೇ ಮೊದಲ ಡೋಸ್ ಕೊಟ್ಟರು. ತಿಂಗಳಿಗೆ ಒಂದು, ಆರು ತಿಂಗಳಿಗೆ ಇನ್ನೊಂದು. ಎಚ್‌ಐವಿ ತಡೆಯುವ ಮಾತ್ರೆಯನ್ನೂ ಶುರು ಮಾಡಿದರು. 28 ದಿನ ಬಿಡದೆ ತೆಗೆದುಕೊಳ್ಳಬೇಕು. ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು, 72 ಗಂಟೆ ದಾಟಿದರೆ ಉಪಯೋಗವಿಲ್ಲ. ನಾವು ಚುಚ್ಚಿದ ಎರಡು ಗಂಟೆಯೊಳಗೆ ಹೋಗಿದ್ದೆವು. ಆ ಎರಡು ಓಣಿ ಮುಗಿಸಿ, ಮನೆಗೆ ಹೋಗಿ, ನಾಳೆ ನೋಡೋಣ ಅಂತ ಬಿಟ್ಟಿದ್ದರೆ? ಎಷ್ಟೋ ಜನ ಬಿಡುತ್ತಾರೆ. ಅವರಿಗೆ 72 ಗಂಟೆ ಅನ್ನುವ ಗಡುವು ಇದೆ ಅಂತಲೇ ಗೊತ್ತಿರುವುದಿಲ್ಲ. ಗೊತ್ತಿಲ್ಲದವರು ಎಲ್ಲಿಗೆ ಹೋಗಬೇಕು ಅಂತ ಕೇಳಲು 1097 ಅನ್ನುವ ಉಚಿತ ಸಹಾಯವಾಣಿ ಇದೆ. ಈ ನಂಬರ್ ನಿಮ್ಮ ಓಣಿಗೆ ಬರುವ ಗಾಡಿಯವರಿಗೆ ಒಂದು ಸಲ ಹೇಳಿ.

ಹೊರಗೆ ಬಂದ ಮೇಲೆ ಅಕ್ಕ ಒಂದೇ ಮಾತು ಹೇಳಿದರು. "ಈ ಗುಳಿಗಿ ವಿಷಯಾ ಯಾರ ಮುಂದೂ ಆಡಬ್ಯಾಡ್ರಿ. ಮನ್ಯಾಗ ಗೊತ್ತಾದ್ರ ನಾ ಏನೋ ಮಾಡೇನಿ ಅಂತಾರ." ನಮ್ಮ ಜಿಲ್ಲೆಯಲ್ಲಿ ಆ ರೋಗದ ಹೆಸರಿಗೆ ಎಷ್ಟು ಭಾರ ಇದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. 2000ದ ಆಸುಪಾಸಿನಲ್ಲಿ ಕರ್ನಾಟಕದಲ್ಲಿ ಎಚ್‌ಐವಿ ಜಾಸ್ತಿ ಇದ್ದ ಜಿಲ್ಲೆಗಳಲ್ಲಿ ಬಾಗಲಕೋಟೆಯೂ ಒಂದು. ಆಗ ಸತ್ತವರ ಮನೆಗಳನ್ನು ಓಣಿಯವರು ಹೇಗೆ ನೋಡಿದರು ಅನ್ನುವುದು ಯಾರೂ ಮರೆತಿಲ್ಲ. ಯಾರದೋ ಮನೆಯ ಸೂಜಿ ಚುಚ್ಚಿ, ಯಾರದೋ ತಪ್ಪಿಗೆ ಈ ಹೆಂಗಸು ತನ್ನ ಗಂಡನಿಂದ, ಅತ್ತೆಯಿಂದ ಮಾತ್ರೆ ಬಚ್ಚಿಡಬೇಕಾಯಿತು. ಮೊದಲ ವಾರ ವಾಕರಿಕೆ ಬಂದು ಮೂರು ದಿನ ಕೆಲಸಕ್ಕೆ ಬರಲಿಲ್ಲ. ಬರದ ಕಾರಣ ಏನಂತ ಹೇಳಿದರೋ ನಾನು ಕೇಳಲಿಲ್ಲ.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಅವಳು ಸುಮ್ಮನೆ ಕೇಳಿ, "ಮೊದಲ ನನ್ನ ರಕ್ತಾ ತಪಾಸ ಮಾಡಸು" ಅಂದಳು. 74 ವರ್ಷದ ಹೆಂಗಸು, ಲ್ಯಾಬಿನಲ್ಲಿ ಕೂತು ಆ ಮೂರೂ ಪರೀಕ್ಷೆ ಮಾಡಿಸಿಕೊಂಡಳು. ಏನೂ ಇರಲಿಲ್ಲ. ಅಕ್ಕನಿಗೆ ಹೇಳಿದಾಗ ಅವರ ಮುಖ ಸ್ವಲ್ಪ ಸಡಿಲವಾಯಿತು. ಇನ್ನೆರಡು ಮನೆಯವರನ್ನೂ ಕೇಳೋಣ ಅಂತ ಹೋದೆ. ಒಂದು ಮನೆಯವರು ಒಪ್ಪಿದರು. ಇನ್ನೊಂದು ಮನೆಯ ಕಾಕಾ, "ನಮ್ಮ ಮನ್ಯಾಗ ಅಂಥಾ ರೋಗ ಎಲ್ಲಿಂದ ಬರತೈತಿ?" ಅಂತ ಬಾಗಿಲಲ್ಲೇ ಮಾತು ಮುಗಿಸಿದರು. ಅವರ ಮೇಲೆ ನನಗೆ ಸಿಟ್ಟು ಬಂತು. ಆದರೆ ಅದೇ ಹೆದರಿಕೆ ಅಕ್ಕನಿಗೂ ಇತ್ತಲ್ಲ. ಒಬ್ಬರು ಮಾತ್ರೆ ಬಚ್ಚಿಡುತ್ತಾರೆ, ಇನ್ನೊಬ್ಬರು ಪರೀಕ್ಷೆಯಿಂದ ತಪ್ಪಿಸಿಕೊಳ್ಳುತ್ತಾರೆ.

ಆಮೇಲೆ ಶುರುವಾದದ್ದು ಕಾಯುವುದು. ಆರು ವಾರಕ್ಕೆ ಒಂದು ಪರೀಕ್ಷೆ, ಮೂರು ತಿಂಗಳಿಗೆ ಒಂದು, ಆರು ತಿಂಗಳಿಗೆ ಒಂದು. ಅಕ್ಕ ಅದನ್ನು ಹಬ್ಬಗಳಿಂದ ಲೆಕ್ಕ ಇಟ್ಟರು. ಮಹಾನವಮಿ ಹೊತ್ತಿಗೆ ಒಂದು, ದೀಪಾವಳಿ ಆದ ಮೇಲೆ ಒಂದು, ಸಂಕ್ರಾಂತಿ ಮುಗಿದ ಮೇಲೆ ಕಡೆಯದು. ದಸರೆಯ ದಿನ ಸಂಜೆ ಬನ್ನಿ ಕೊಡಲು ಮನೆಗೆ ಬಂದರು. ಗೇಟಿನೊಳಗೆ ಬಂದು, ಮೆಟ್ಟಿಲ ಕೆಳಗೇ ನಿಂತು, ಬನ್ನಿಯ ಎಲೆಗಳನ್ನು ಕಟ್ಟೆಯ ಮೇಲೆ ಇಡಲು ಹೋದರು. ಕೈಗೆ ಕೊಡಲು ಹಿಂಜರಿದರು. ಮುಟ್ಟಿದರೆ ಏನಾದರೂ ಆದೀತು ಅಂತ ಅವರೇ ನಮಗಾಗಿ ಹೆದರುತ್ತಿದ್ದರು. ಅವ್ವ ಮೆಟ್ಟಿಲು ಇಳಿದು ಹೋಗಿ, ಆ ಬಲಗೈಯನ್ನೇ ಎರಡೂ ಕೈಯಲ್ಲಿ ಹಿಡಿದು ಬನ್ನಿ ತೆಗೆದುಕೊಂಡಳು. "ಬಂಗಾರದಂಗ ಇರೂಣು" ಅಂದಳು. ಅಕ್ಕ ಬಹಳ ಹೊತ್ತು ಕೈ ಬಿಡಿಸಿಕೊಳ್ಳಲಿಲ್ಲ.

ಕಡೆಯ ಪರೀಕ್ಷೆಯಲ್ಲೂ ಏನೂ ಇರಲಿಲ್ಲ. ಲಸಿಕೆಯ ಮೂರನೇ ಡೋಸ್ ಕೂಡ ಆಗಿದೆ.

ಆಸ್ಪತ್ರೆಗೆ ಬಿಳಿ ಡಬ್ಬಿ ಇದೆ

ಈ ಆರು ತಿಂಗಳಲ್ಲಿ ನಾನು ಸಿಕ್ಕಿದ್ದನ್ನೆಲ್ಲ ಓದಿದೆ. ಆಸ್ಪತ್ರೆಗಳ ಸೂಜಿಗೆ ನಮ್ಮ ದೇಶದಲ್ಲಿ ಪಕ್ಕಾ ನಿಯಮ ಇದೆ. 1998ರಲ್ಲೇ ಬಂತು, 2016ರಲ್ಲಿ ಹೊಸದಾಗಿ ಬರೆದರು. ಹಳದಿ, ಕೆಂಪು, ಬಿಳಿ, ನೀಲಿ ಅಂತ ನಾಲ್ಕು ಬಣ್ಣ. ಸೂಜಿ, ಬ್ಲೇಡು, ಸೂಜಿ ಅಂಟಿಕೊಂಡೇ ಇರುವ ಸಿರಿಂಜು ಎಲ್ಲವೂ ಚುಚ್ಚಿದರೆ ತೂತಾಗದ, ಒಳಗಿದ್ದದ್ದು ಮಸುಕಾಗಿ ಕಾಣುವ ಬಿಳಿ ಡಬ್ಬಿಗೆ. ಅವ್ವನ ಇನ್ಸುಲಿನ್ ಸಿರಿಂಜಿನ ಸೂಜಿ ಬೇರೆಯಾಗುವುದಿಲ್ಲ, ಹಾಗಾಗಿ ಅದು ಇಡಿಯಾಗಿ ಬಿಳಿ ಡಬ್ಬಿಯ ವಸ್ತು. ಆ ಡಬ್ಬಿಯನ್ನು ಬೇರೆ ಗಾಡಿ ಬಂದು ಒಯ್ಯುತ್ತದೆ. ಬಿಸಿ ಹಬೆಯಲ್ಲಿ ಅಥವಾ ಒಣ ಶಾಖದಲ್ಲಿ ರೋಗಾಣು ಕೊಂದು, ಆಮೇಲೆ ಪುಡಿ ಮಾಡುತ್ತಾರೆ ಇಲ್ಲವೇ ಸಿಮೆಂಟಿನಲ್ಲಿ ಹೂತು ಮುಚ್ಚುತ್ತಾರೆ. ಕಬ್ಬಿಣ ಕರಗಿಸುವ ಕಾರ್ಖಾನೆಗೂ ಕಳಿಸಬಹುದು. ಹೀಗೆ ಮಾಡದಿದ್ದರೆ ಏನಾಗುತ್ತದೆ ಅಂತ 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಕಂಡಿತು. ಒಬ್ಬರಿಗೆ ಬಳಸಿದ ಸಿರಿಂಜನ್ನೇ ಮತ್ತೊಬ್ಬರಿಗೆ ಬಳಸಿ ಹೆಪಟೈಟಿಸ್ ಬಿ ಹಬ್ಬಿತು, ಹತ್ತಾರು ಜನ ಸತ್ತರು. ಹುಡುಕಿದಾಗ ಬಳಸಿದ ಸಿರಿಂಜುಗಳು ಗುಜರಿಯವರ ಕೈಗೆ ಸೇರುತ್ತಿದ್ದದ್ದೂ ಬಯಲಾಯಿತು. ಎಸೆದ ಸೂಜಿ ತಿರುಗಿ ಬಂದು ಇನ್ನೊಬ್ಬರ ತೋಳಿಗೆ ಹೋಗಬಹುದು ಅಂತ ನಾನು ಯೋಚಿಸಿಯೇ ಇರಲಿಲ್ಲ. 2000ನೇ ಇಸವಿ ಒಂದರಲ್ಲೇ ಸುರಕ್ಷಿತವಲ್ಲದ ಇಂಜೆಕ್ಷನ್‌ಗಳಿಂದ ಜಗತ್ತಿನಲ್ಲಿ 2 ಕೋಟಿ 10 ಲಕ್ಷ ಜನರಿಗೆ ಹೆಪಟೈಟಿಸ್ ಬಿ ಹತ್ತಿತು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಮನೆಯ ಸೂಜಿಗೂ ನಿಯಮದಲ್ಲಿ ಜಾಗ ಇತ್ತು. 2016ರ ಘನ ತ್ಯಾಜ್ಯ ನಿಯಮಗಳು ಮನೆಯಲ್ಲೇ ಕಸವನ್ನು ಮೂರು ಮಾಡಿ ಅಂದವು. ಹಸಿ, ಒಣ, ಮತ್ತೆ ಮನೆಯ ಅಪಾಯಕಾರಿ ಕಸ. ಆ ಮೂರನೆಯದರಲ್ಲಿ ಕೀಟನಾಶಕದ ಡಬ್ಬಿ, ಟ್ಯೂಬ್‌ಲೈಟು, ಹಳೆಯ ಬ್ಯಾಟರಿ, ಅವಧಿ ಮುಗಿದ ಔಷಧಿ, ಜೊತೆಗೆ ಬಳಸಿದ ಸೂಜಿ, ಸಿರಿಂಜು ಅಂತ ಹೆಸರಿಟ್ಟು ಬರೆದಿತ್ತು. 20 ಚದರ ಕಿಲೋಮೀಟರಿಗೆ ಒಂದರಂತೆ ಇವನ್ನು ಒಪ್ಪಿಸುವ ಕೇಂದ್ರ ಇರಬೇಕು ಅಂತಲೂ ಇತ್ತು. ಓದಿ ನನಗೆ ಆಶ್ಚರ್ಯವಾಯಿತು. ಹಸಿ ಕಸ, ಒಣ ಕಸ ಅಂತ ನಮ್ಮ ಮಕ್ಕಳು ಶಾಲೆಯಲ್ಲಿ ಹಾಡು ಹೇಳುತ್ತಾರೆ. ಮೂರನೆಯದರ ಹೆಸರು ನಾನು ನನ್ನ ಪರಿಚಯದ ಹತ್ತು ಮನೆಗಳಲ್ಲಿ ಕೇಳಿದೆ. ಒಬ್ಬರಿಗೂ ಗೊತ್ತಿರಲಿಲ್ಲ. ಈಗ ಮನೆಗಳೇ ದವಾಖಾನೆಗಳಾಗಿವೆ. ಇನ್ಸುಲಿನ್ ಇದೆ, ರಕ್ತ ತೆಳುವಾಗಿಸುವ ಇಂಜೆಕ್ಷನ್ ಇದೆ, ಹಾಸಿಗೆ ಹಿಡಿದವರಿಗೆ ಮನೆಗೇ ಬಂದು ಸಲೈನ್ ಹಚ್ಚುವವರಿದ್ದಾರೆ. ಎಮ್ಮೆಗೆ ತಾವೇ ಸೂಜಿ ಚುಚ್ಚುವ ರೈತರಿದ್ದಾರೆ, ಆ ಸೂಜಿ ಬೀಳುವುದು ಕೊಟ್ಟಿಗೆಯ ಮೂಲೆಗೆ. ಇಷ್ಟೆಲ್ಲ ಬಂದ ಮೇಲೂ ಸೂಜಿ ಅಂದರೆ ಆಸ್ಪತ್ರೆಯವರ ತಲೆನೋವು ಅಂತ ನಾವು ಇದ್ದುಬಿಟ್ಟಿದ್ದೇವೆ.

ಕೆಂಪು ದಾರ

ನಮ್ಮ ಮನೆಯಲ್ಲಿ ಈಗ ಏನು ಮಾಡುತ್ತಿದ್ದೇವೆ ಅಂತ ಹೇಳುತ್ತೇನೆ. ಬಟ್ಟೆ ತೊಳೆಯುವ ಲಿಕ್ವಿಡ್ ಬರುವ ದಪ್ಪ ಪ್ಲಾಸ್ಟಿಕ್ ಡಬ್ಬಿ ಒಂದನ್ನು ತೊಳೆದು ಒಣಗಿಸಿ ಇಟ್ಟೆವು. ನೀರಿನ ಬಾಟಲಿ ಆಗುವುದಿಲ್ಲ, ಅದು ತೆಳು, ಸೂಜಿ ಹೊರಗೆ ಬರುತ್ತದೆ. ನಾನು ಮೊದಲು ಅದನ್ನೇ ಇಟ್ಟು, ಎರಡನೇ ದಿನವೇ ಸೂಜಿಯ ತುದಿ ಹೊರಗೆ ಬಂದದ್ದನ್ನು ನೋಡಿ ಬದಲಾಯಿಸಿದೆ. ಚುಚ್ಚಿ ಆದ ಕೂಡಲೇ, ಅಲ್ಲೇ ಕೂತು, ಸೂಜಿ ಕೆಳಗೆ ಮಾಡಿ ಡಬ್ಬಿಗೆ ಬಿಡುವುದು. ಆಮೇಲೆ ಹಾಕೋಣ ಅಂತ ಕಿಟಕಿಯಲ್ಲಿ ಇಡುವುದಿಲ್ಲ. ಬೆರಳಿಗೆ ಚುಚ್ಚುವ ಸೂಜಿಯೂ ಅದಕ್ಕೇ. ಮುಕ್ಕಾಲು ತುಂಬಿದರೆ ಸಾಕು, ಒತ್ತಿ ತುರುಕಬಾರದು. ಮುಚ್ಚಳ ಬಿಗಿ ಮಾಡಿ ಟೇಪು ಸುತ್ತುತ್ತೇವೆ. ಸುಡುವುದಿಲ್ಲ, ಹೂಳುವುದಿಲ್ಲ, ಪಾಯಖಾನೆಗೆ ಹಾಕುವುದಿಲ್ಲ.

ತುಂಬಿದ ಡಬ್ಬಿ ಎಲ್ಲಿಗೆ ಕೊಡಬೇಕು ಅನ್ನುವುದೇ ಕಷ್ಟದ ಪ್ರಶ್ನೆಯಾಗಿತ್ತು. ಒಂದು ಔಷಧಿ ಅಂಗಡಿಯವರು ನಕ್ಕು ಕಳಿಸಿದರು. ಸೂಜಿ ಮಾರುವವರಿಗೆ ಅದನ್ನು ವಾಪಸ್ ತೆಗೆದುಕೊಳ್ಳುವ ಯೋಚನೆಯೇ ಹೊಸದು. ಕೊನೆಗೆ ಅವ್ವನ ರಕ್ತ ಪರೀಕ್ಷೆ ಮಾಡುವ ಲ್ಯಾಬಿನ ಹುಡುಗಿ, "ತಗೊಂಡು ಬರ್ರಿ ಅಕ್ಕಾ, ನಮ್ಮ ಬಿಳಿ ಡಬ್ಬಿ ಜೋಡಿ ಹೋಗತೈತಿ" ಅಂದಳು. ಅಷ್ಟು ಸುಲಭವಾಗಿತ್ತು. 11 ವರ್ಷದಿಂದ ತಿಂಗಳಿಗೊಮ್ಮೆ ಅದೇ ಬಾಗಿಲಿಗೆ ಹೋಗುತ್ತಿದ್ದೆ, ಕೇಳಿರಲಿಲ್ಲ. ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇದ್ದರೆ ನೀವು ಹೋಗುವ ಕ್ಲಿನಿಕ್ಕಿನಲ್ಲಿ, ಲ್ಯಾಬಿನಲ್ಲಿ ಒಮ್ಮೆ ಕೇಳಿ. ಒಪ್ಪದಿದ್ದರೆ ಗಾಡಿಯವರಿಗೆ ಬೇರೆಯಾಗಿ ಕೈಗೆ ಕೊಟ್ಟು, ಇದರಲ್ಲಿ ಸೂಜಿ ಇದೆ ಅಂತ ಬಾಯಲ್ಲಿ ಹೇಳಿ. ಬುಟ್ಟಿಯೊಳಗೆ ಮಾತ್ರ ಹಾಕಬೇಡಿ.

ಈಗ ನಮ್ಮ ಓಣಿಯಲ್ಲಿ ಐದು ಮನೆಯವರು ಡಬ್ಬಿ ಇಟ್ಟಿದ್ದಾರೆ. ಬಾಗಿಲಲ್ಲೇ ಮಾತು ಮುಗಿಸಿದ ಕಾಕಾ ಕೂಡ ಇಟ್ಟಿದ್ದಾರೆ. ಅವರನ್ನು ಒಪ್ಪಿಸಿದ್ದು ನಾನಲ್ಲ, ಅಕ್ಕ. ಒಂದು ಬೆಳಗ್ಗೆ ಅವರ ಗೇಟಿನ ಮುಂದೆ ಗಾಡಿ ನಿಲ್ಲಿಸಿ, ಹೆಬ್ಬೆರಳು ತೋರಿಸಿ, "ಕಾಕಾರ, ಸೂಜಿ ಇದ್ರ ಬ್ಯಾರೆ ಕೊಡ್ರಿ, ನನಗೂ ಮಕ್ಕಳದಾವ" ಅಂದರಂತೆ. ಡಬ್ಬಿಯ ಮೇಲೆ ಏನು ಬರೆಯೋಣ ಅಂತ ನಾನು ಮಾರ್ಕರ್ ಹಿಡಿದು ಕೂತಿದ್ದೆ. ಅಕ್ಕನಿಗೆ ಓದಲು ಬರುವುದಿಲ್ಲ ಅಂತ ಅವ್ವ ನೆನಪಿಸಿದಳು. ಅವಳೇ ಎದ್ದು ಹೊಲಿಗೆಯ ಡಬ್ಬಿ ತಂದು, ಕೌದಿಗೆ ಹಾಕುವ ಕೆಂಪು ದಾರವನ್ನು ಏಳೆಂಟು ಸುತ್ತು ಡಬ್ಬಿಯ ಕುತ್ತಿಗೆಗೆ ಕಟ್ಟಿದಳು. ಈಗ ಐದೂ ಮನೆಯ ಡಬ್ಬಿಗೆ ಅದೇ ದಾರ. ಅಕ್ಕ ಅವನ್ನು ಕಸದಲ್ಲಿ ಸೇರಿಸದೆ ಡ್ರೈವರ್ ಸೀಟಿನ ಪಕ್ಕ ನೇತುಹಾಕಿಕೊಂಡು ಬಂದು ನಮ್ಮ ಗೇಟಿನಲ್ಲಿ ಕೊಡುತ್ತಾರೆ. ನಾನು ಲ್ಯಾಬಿಗೆ ಒಯ್ಯುತ್ತೇನೆ.

ಮೊನ್ನೆ ಸೋಮವಾರ ಅವ್ವನೇ ನಮ್ಮ ಡಬ್ಬಿ ಹಿಡಿದು ಗೇಟಿಗೆ ಹೋದಳು. ಮುಚ್ಚಳಕ್ಕೆ ಟೇಪು ಸುತ್ತಬೇಕೋ ಇನ್ನೂ ಬೇಡವೋ ಅಂತ ಅವಳಿಗೆ ಅನುಮಾನ. ಅಕ್ಕ ಡಬ್ಬಿ ಇಸಿದುಕೊಂಡು ಬಿಸಿಲಿಗೆ ಎತ್ತಿ ಹಿಡಿದರು. ಒಂದು ಕಣ್ಣು ಮುಚ್ಚಿ ನೋಡಿದರು.

"ಇನ್ನ ಜಾಗಾ ಐತ್ರಿ ಅವ್ವಾರ. ಹದಿನೈದ ದಿನಾ ಬಿಟ್ಟು ಕೊಡ್ರಿ," ಅಂದರು.

ಅವ್ವ ಅದನ್ನು ತಿರುಗಿ ಒಳಗೆ ತಂದು, ಹೊಲಿಗೆಯ ಡಬ್ಬಿಯ ಪಕ್ಕ ಇಟ್ಟಳು.